ಅಳಿಯನಿಗೆ ಬರೆದ ಚೀಟಿಗಳು

ಗಂಗಾವತಿ
16 ಏಪ್ರಿಲ್ 2025, ಬುಧವಾರ

ಬಸುವಿನ ಅಪ್ಪನವರಿಗೆ ಕಳಕಮ್ಮನ ಶರಣಾರ್ಥಿ.

ಪತ್ರ ಬರೆದರೆ ಮೊದಲು ಆರೋಗ್ಯ ಕೇಳಬೇಕು, ಉಳಿದದ್ದು ಆಮೇಲೆ ಎಂದು ಶಾಲೆಯಲ್ಲಿ ಕಲಿಸಿದ್ದರು. ಅದಕ್ಕೇ ಕೇಳುತ್ತೇನೆ. ನಿಮ್ಮ ಎಡ ಮೊಣಕಾಲು ಹೇಗಿದೆ? ಅಲ್ಲಿ ಬರೀ ಕಲ್ಲಿನ ನೆಲವಂತೆ, ಬೆಳಗಿನ ಚಳಿಗೆ ಹಿಡಿದುಕೊಳ್ಳುತ್ತಿರಬೇಕು. ತಂಬಾಕು ಬಿಟ್ಟಿರೋ, ಸ್ವಾಮಿಯಾದ ಮೇಲೂ ದವಡೆಯಲ್ಲಿ ಇಟ್ಟುಕೊಳ್ಳುತ್ತೀರೋ? ನಾನು ಚೆನ್ನಾಗಿದ್ದೇನೆ. ಐವತ್ತು ತುಂಬಿತು, ಕನ್ನಡಕ ಬಂತು. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ, ದಿನಾ ನೂರಾ ಎಂಬತ್ತು ಮಕ್ಕಳಿಗೆ. ಮಗಳು ಶಾಂಭವಿ ಚೆನ್ನಾಗಿದ್ದಾಳೆ. ನಿಮ್ಮ ತಾಯಿಯವರ ಕ್ಷೇಮವನ್ನು ನಾನು ಬರೆಯುವುದಿಲ್ಲ. ಅವರು ಹಾಸಿಗೆ ಹಿಡಿದದ್ದು ನಿಮಗೆ ಗೊತ್ತಿತ್ತು. ಹೇಗೆ ಗೊತ್ತು ಎಂಬುದೇ ಈ ಪತ್ರ.

ನೀವು ಬದುಕಿದ್ದೀರಿ ಎಂದು ನನಗೆ ತಿಳಿದು ಇವತ್ತಿಗೆ ಹನ್ನೊಂದು ದಿನ. ಮನೆ ಬಿಟ್ಟು ಆರು ವರ್ಷ. ನಡುವಿನ ಲೆಕ್ಕ ನಿಮಗೆ ಬೇಕಾಗಿಲ್ಲದಿರಬಹುದು, ನನಗೆ ಬೇಕು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಮ್ಮ ಬಸವಕುಮಾರ ಹನ್ನೆರಡು ದಿನ ಕಣ್ಣು ಬಿಡದೆ ಮಲಗಿದ್ದಾಗ ನಾವಿಬ್ಬರೂ ಒಂದೇ ದೇವರನ್ನು, ಶ್ರೀಶೈಲದ ಮಲ್ಲಯ್ಯನನ್ನು, ಕೇಳಿಕೊಂಡೆವು. ನೀವು ಹೊರಗಿನ ಬೇವಿನ ಕಟ್ಟೆಯಲ್ಲಿ, ನಾನು ಒಳಗೆ ಅವನ ಕಾಲ ಬಳಿ. ಹದಿನೇಳು ವರ್ಷದ ಹುಡುಗ. ಜ್ವರ ಮೆದುಳಿಗೆ ಏರಿದೆ ಎಂದರು. ಹದಿಮೂರನೆಯ ದಿನ ಬೆಳಿಗ್ಗೆ ಮಲ್ಲಯ್ಯನ ಭಸ್ಮ ಹಚ್ಚಿದ ಹಣೆಯಲ್ಲೇ ಹೋದ. ಆಮೇಲೆ ಎರಡು ತಿಂಗಳು ನೀವು ಯಾರ ಜೊತೆಗೂ ಮಾತಾಡಲಿಲ್ಲ. ಅಕ್ಕಿ ಮಿಲ್ಲಿಗೆ ಹೋಗಿ ಚೀಲ ಹೊಲಿದು ಬರುತ್ತಿದ್ದಿರಿ, ಉಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದಿರಿ. ನಾನು ತಾಯಿ, ನಾನು ಯಾವ ಗೋಡೆ ಕಡೆ ತಿರುಗಬೇಕಿತ್ತು ಎಂದು ನೀವು ಒಂದು ದಿನ ಕೇಳಲಿಲ್ಲ.

ಯುಗಾದಿ ಬಂತು. ಇರಕಲ್ಲಗಡದ ನಿಮ್ಮ ಊರಿನವರು ಮಲ್ಲಯ್ಯನ ಕಂಬಿಯ ಕೋಲು ಹೆಗಲ ಮೇಲೆ ಹೊತ್ತು ಶ್ರೀಶೈಲಕ್ಕೆ ನಡೆದು ಹೊರಟರು. ನೀವೂ ಎದ್ದು ನಿಂತಿರಿ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಾ ಆಡಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ. "ಅಳಿಯನ್ನ ಕೇಳಿ ಬರ್ತೀನಿ. ನಮ್ಮ ಮನೀ ದೀಪ ಆರಿಸಿ ಏನ್ ಸುಖ ಪಟ್ಟಿ ಅಂತ ಕೇಳ್ತೀನಿ." ನಮ್ಮ ಕಡೆಯವರ ಈ ಸಲಿಗೆ ಬೇರೆಯವರಿಗೆ ವಿಚಿತ್ರ ಕಾಣಬಹುದು. ಭ್ರಮರಾಂಬೆ ನಮ್ಮ ತವರಿನ ಮಗಳು, ಕಾಡಿನ ಆಚೆ ಮಲ್ಲಯ್ಯನಿಗೆ ಕೊಟ್ಟ ಹೆಣ್ಣು. ವರ್ಷಕ್ಕೊಮ್ಮೆ ನಡೆದು ಹೋಗಿ ಅವಳಿಗೆ ಸೀರೆ, ಕುಪ್ಪಸ, ಅರಿಷಿಣ ಕುಂಕುಮ, ಕೊಬ್ಬರಿಯ ಉಡಿ ತುಂಬಿ ಬರಬೇಕು. ಅವಳು ಮಗಳಾದರೆ ಮಲ್ಲಯ್ಯ ಅಳಿಯನೇ ಆದ. ಅಳಿಯನನ್ನು ಬೈಯಬಹುದು, ಹೆಣ್ಣು ಕೊಟ್ಟವರ ಹಕ್ಕು ಅದು. ನಾನು ನಿಮ್ಮನ್ನು ತಡೆಯಲಿಲ್ಲ. ಒಳ್ಳೆಯದೇ ಆಯಿತು, ಬೈದು ಎದೆ ಹಗುರ ಮಾಡಿಕೊಂಡು ಬರಲಿ, ಉತ್ತರ ಸಿಕ್ಕರೆ ನನಗೂ ಅರ್ಧ ಹೇಳಲಿ ಎಂದುಕೊಂಡೆ.

ಕಂಬಿ ತಿರುಗಿ ಬಂತು, ನೀವು ಬರಲಿಲ್ಲ. ಎರಡು ದಿನ ಬಿಟ್ಟು ಬರುತ್ತೇನೆ ಎಂದಿದ್ದಿರಂತೆ. ನನ್ನ ಅಣ್ಣ ವಿರುಪಣ್ಣ ನಿಮ್ಮ ಫೋಟೋ ಹಿಡಿದು ಎರಡು ಸಲ ಅಲ್ಲಿಗೆ ಹೋದ, ಛತ್ರ ಛತ್ರ ತಿರುಗಿದ. ಎರಡನೆಯ ಸಲ ಬಂದವನು ಕಟ್ಟೆಯ ಮೇಲೆ ಕೂತು, "ತಂಗೀ, ಕಾಡು ಅದು. ನಡಕೊಂತ ಹೋದವರು ಎಷ್ಟೋ ಮಂದಿ ಹಾದ್ಯಾಗ... ನೀ ಭಾಳ ಆಸೆ ಇಟ್ಕೋಬ್ಯಾಡ" ಎಂದ. ಅವನು ಛತ್ರ ತಿರುಗುತ್ತಿದ್ದಾಗ ನೀವು ಎಲ್ಲಿದ್ದಿರಿ? ಉಗ್ರಾಣದಲ್ಲಿ ಚೀಲಗಳ ಹಿಂದೆಯೇ? ಹೇಳಬೇಡಿ, ತಿಳಿದರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ.

ಆಮೇಲೆ ಕೊರೊನಾ ಬಂತು, ಎರಡು ಯುಗಾದಿ ನಮ್ಮವರು ಯಾರೂ ನಡೆಯಲಿಲ್ಲ. ನಮ್ಮ ಓಣಿಯಲ್ಲಿ ಉಡಿ ತುಂಬುವ ಕಾರ್ಯವಿದ್ದರೆ ಹೆಂಗಸರು ನನ್ನ ಮುಂದೆ ಬಂದು ತಟ್ಟೆ ಹಿಡಿದು ನಿಲ್ಲುತ್ತಿದ್ದರು, ಕೊಡಬೇಕೋ ದಾಟಿ ಹೋಗಬೇಕೋ ತಿಳಿಯದೆ. ಗಂಡ ಇದ್ದಾನೆ ಎನ್ನಲು ನನ್ನ ಬಳಿ ಪುರಾವೆ ಇಲ್ಲ, ಇಲ್ಲ ಎನ್ನಲೂ ಇಲ್ಲ. ನಾನೇ ಮುಂದಾಗಿ ಸೆರಗು ಒಡ್ಡುತ್ತಿದ್ದೆ. ಎಷ್ಟು ನಾಚಿಕೆಯ ಕೆಲಸ ಅದು, ಗಂಡಸರಿಗೆ ತಿಳಿಯುವುದಿಲ್ಲ.

ಮೂರನೆಯ ಯುಗಾದಿಗೆ ಮತ್ತೆ ನಡಿಗೆ ಶುರುವಾಯಿತು. ನಮ್ಮ ಶಾಲೆಯ ಅಡುಗೆಮನೆಗೆ ತರಕಾರಿ ಹಾಕುವ ಹುಲಗಪ್ಪ ಕುಷ್ಟಗಿ ಕಡೆಯವನು, ತನ್ನೂರಿನ ಕಂಬಿಯ ಜೊತೆ ಹೊರಟಿದ್ದ. ಇರಕಲ್ಲಗಡದವರ ಕೈಯಲ್ಲಿ ಏನನ್ನೂ ಕಳಿಸಲು ನನಗೆ ಮನಸ್ಸಿರಲಿಲ್ಲ, ಅವರು ನಿಮ್ಮನ್ನು ಕಳೆದುಕೊಂಡು ಬಂದವರು. ಹುಲಗಪ್ಪ ನಿಮ್ಮ ಮುಖ ನೋಡಿದವನಲ್ಲ. ಅವನ ಕೈಯಲ್ಲಿ ಉಡಿಯ ಗಂಟು ಕೊಟ್ಟೆ. ಸೀರೆಯ ಮಡಿಕೆಯಲ್ಲಿ ಒಂದು ಚೀಟಿ ಇಟ್ಟೆ. ದೇವರಿಗೆ ಬರೆದದ್ದು. ಅದನ್ನು ನೀವು ಓದಿದ್ದೀರಿ, ಆದರೂ ನೆನಪು ಮಾಡಿಕೊಡುತ್ತೇನೆ. "ಅಳಿಯಪ್ಪಾ, ಮಗಳಿಗೆ ಹಸಿರು ಸೀರೆ ಕಳಿಸಿದ್ದೇನೆ, ಉಡಿಸು. ನನ್ನ ಗಂಡ ನಿನ್ನ ಊರಿಗೆ ಬಂದವನು ತಿರುಗಿ ಬಂದಿಲ್ಲ. ಇದ್ದರೆ ಕಳಿಸು. ಇಲ್ಲದಿದ್ದರೆ ಅದನ್ನಾದರೂ ತಿಳಿಸು, ಅತ್ತು ಮುಗಿಸುತ್ತೇನೆ."

ತವರಿನ ಗಂಟನ್ನು ಮಗಳು ಬರಿದಾಗಿ ತಿರುಗಿಸುವುದಿಲ್ಲ, ಏನಾದರೂ ಹಾಕಿಯೇ ಕಳಿಸುತ್ತಾಳೆ. ಬೇರೆಯವರ ಗಂಟಿನಲ್ಲಿ ಸಕ್ಕರೆ, ಭಸ್ಮ ಬಂದವು. ನನ್ನದರಲ್ಲಿ ಅದರ ಜೊತೆಗೆ ಒಂದು ಡಜನ್ ಹಸಿರು ಗಾಜಿನ ಬಳೆ, ಒಂದು ಪೊಟ್ಟಣ ಕುಂಕುಮ. ನನಗೆ ಮೈ ಜುಮ್ಮೆಂದಿತು. ಬಳೆ ಕುಂಕುಮ ಯಾರಿಗೆ ಕೊಡುತ್ತಾರೆ? ಮಲ್ಲಯ್ಯ ಉತ್ತರ ಕೊಟ್ಟ, ನಿನ್ನ ಗಂಡ ಇದ್ದಾನೆ ಎಂದ, ಎಂದು ಅಲ್ಲೇ ಅಡುಗೆಮನೆಯಲ್ಲಿ ಕೂತು ಬಳೆ ತೊಟ್ಟುಕೊಂಡೆ. ಅಳತೆಯೂ ಸರಿಯಾಗಿತ್ತು. ಅಳತೆ ಸರಿಯಾದದ್ದು ಯಾಕೆ ಎಂದು ಆಗ ಹೊಳೆಯಲಿಲ್ಲ, ಪವಾಡ ಎಂದುಕೊಂಡೆ. ವಿರುಪಣ್ಣನ ಹೆಂಡತಿ, ನಿಮಗೆ ಗೊತ್ತಲ್ಲ ಅವಳ ನಾಲಿಗೆ, ನಾಲ್ಕು ಜನರ ನಡುವೆ ಅಂದಳು, "ನಮ್ಮ ಕಳಕವ್ವಗ ಮಲ್ಲಯ್ಯ ಬಳಿ ಕಳಸ್ಯಾನಂತ! ಯಾವ ಮಲ್ಲಯ್ಯ, ಬಸ್‌ಸ್ಟ್ಯಾಂಡಿನ ಬಳಿಗಾರ ಮಲ್ಲಯ್ಯನೇನ?" ಎಲ್ಲರೂ ನಕ್ಕರು. ನಾನು ನಗಲಿಲ್ಲ. ಈಗ ನೋಡಿದರೆ ಅವಳ ಮಾತೇ ಸತ್ಯಕ್ಕೆ ಹತ್ತಿರ ಇತ್ತು.

ಎರಡನೆಯ ವರ್ಷ ಮತ್ತೆ ಅದೇ ಕೇಳಿದೆ, ಮತ್ತೆ ಬಳೆ ಬಂತು. ಮೂರನೆಯ ವರ್ಷದ ಚೀಟಿ ನಿಮಗೆ ಮರೆತಿರಲಾರದು. ಆಗ ಅತ್ತೆಯವರು ಹಾಸಿಗೆ ಹಿಡಿದು ನಾಲ್ಕು ತಿಂಗಳಾಗಿತ್ತು. ಬಾಗಿಲಲ್ಲಿ ಯಾರ ನೆರಳು ಬಿದ್ದರೂ, "ಯಾರದು, ಕೊಟ್ರ ಬಂದನೇನ?" ಎಂದು ನಿಮ್ಮ ಹೆಸರು ಹಿಡಿದು ಕೇಳುತ್ತಿದ್ದರು. ಹಾಲಿನವನ ನೆರಳಿಗೂ ಕೇಳುತ್ತಿದ್ದರು. ನಾನು ಬರೆದೆ: "ಅಳಿಯಪ್ಪಾ, ನನಗಾಗಿ ಬೇಡ. ಮುದುಕಿಯ ಜೀವ ಬಾಗಿಲಲ್ಲಿ ನಿಂತಿದೆ. ಒಂದು ದಿನಕ್ಕೆ ಕಳಿಸು, ಮುಖ ತೋರಿಸಿ ಹೋಗಲಿ, ನಾನು ಕೈ ಹಿಡಿದು ನಿಲ್ಲಿಸಿಕೊಳ್ಳುವುದಿಲ್ಲ." ಏನು ಬಂತು? ಹಸಿರು ಬಳೆ. ಯುಗಾದಿ ಆಗಿ ಇಪ್ಪತ್ತೆರಡನೆಯ ದಿನ ಅತ್ತೆಯವರು ಹೋದರು. ಕೊನೆಯ ಎರಡು ದಿನ ಅವರು ವಿರುಪಣ್ಣನನ್ನೇ ನೀವೆಂದು ತಿಳಿದು ಅವನ ಎಡಗೈ ಹುಡುಕುತ್ತಿದ್ದರು. ಅವನೂ ಪಾಪ, ಇಲ್ಲ ಅನ್ನಲಾರದೆ ಎಡಗೈಯನ್ನೇ ಕೊಟ್ಟು ಕೂತ. ಆ ವರ್ಷ ನಾನು ದೇವರ ಮೇಲೆ ಸಿಟ್ಟು ಮಾಡಿದೆ. ಬೇಡಿದ್ದೊಂದು, ಕೊಟ್ಟದ್ದೊಂದು. ಅನ್ನ ಕೇಳಿದವರಿಗೆ ಬಳೆ ಕೊಡುವ ಅಳಿಯ ಇವನು ಎಂದೆ. ದೀಪ ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಸಿಟ್ಟು ಬೇರೆ, ಸಂಬಂಧ ಬೇರೆ. ಅದು ನನಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ.

ಈ ವರ್ಷ ನಾನು ಏನನ್ನೂ ಕೇಳಲಿಲ್ಲ. ಚೀಟಿಯಲ್ಲಿ ಬರೆದದ್ದು ಇಷ್ಟೇ: "ಶಾಂಭವಿಯ ಮದುವೆ ಗೊತ್ತಾಗಿದೆ. ಹುಡುಗ ಶರಣಕುಮಾರ, ಮುನಿರಾಬಾದಿನ ಕಾಲುವೆ ಆಫೀಸಿನಲ್ಲಿ ಕೆಲಸ. ಕೇಳಿ ಕೇಳಿ ನನಗೆ ಸಾಕಾಗಿದೆ ಅಳಿಯಪ್ಪಾ. ನೀನು ಏನು ಮಾಡುತ್ತಿದ್ದೀಯೋ ನನಗೆ ತಿಳಿಯದು. ಕೆಟ್ಟದ್ದು ಮಾಡುವವನಲ್ಲ ಎಂದು ಮಾತ್ರ ನಂಬಿದ್ದೇನೆ." ಹುಲಗಪ್ಪ ಏಪ್ರಿಲ್ ಐದಕ್ಕೆ ಬಸ್ಸಿನಲ್ಲಿ ಬಂದಿಳಿದ. ಈ ಸಲ ಗಂಟಿನ ಬದಲು ಒಂದು ಅಕ್ಕಿ ಚೀಲ, ಬಾಯಿ ಸುತಳಿಯಿಂದ ಹೊಲಿದಿತ್ತು. "ಅಕ್ಕಾರ, ಈ ಸಲ ನಿಮ್ಮ ಮಗಳು ಭಾಳ ಕೊಟ್ಟಾಳ ನೋಡ್ರಿ, ಹೊರಾಕ ಆಗವಲ್ದು" ಎಂದು ನಗುತ್ತಾ ಇಳಿಸಿದ. ಶಾಂಭವಿ ಬಿಚ್ಚಲು ಕೂತಳು. ಸುತಳಿಯ ತುದಿಯನ್ನು ಬಲಗಡೆ ಹುಡುಕಿದಳು, ಸಿಗಲಿಲ್ಲ. ಹುಲಗಪ್ಪ ಕುಡಗೋಲು ಕೇಳಿದ. ನಾನು ಅಕ್ಕಿ ಆರಿಸುತ್ತಾ ಕೂತವಳು ಎದ್ದು ಬಂದು, ಏನೂ ಯೋಚನೆ ಮಾಡದೆ, ಎಡಗಡೆಯ ಮೂಲೆಯ ಕಿವಿ ಹಿಡಿದು ಸುತಳಿ ಎಳೆದೆ. ಜಾರುಗಂಟು ಸರ್ರನೆ ಬಿಚ್ಚಿಕೊಂಡಿತು.

ಕೈಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ. ಇಡೀ ಗಂಗಾವತಿಯಲ್ಲಿ ದಬ್ಬಣವನ್ನು ಎಡಗೈಯಲ್ಲಿ ಹಿಡಿದು, ಎಲ್ಲರಿಗಿಂತ ಉಲ್ಟಾ ಹೊಲಿದು, ಎಡ ಮೂಲೆಯಲ್ಲಿ ಜಾರುಗಂಟು ಹಾಕುತ್ತಿದ್ದ ಮನುಷ್ಯ ಒಬ್ಬನೇ. ಮಿಲ್ಲಿನ ಹಮಾಲರು ನಿಮ್ಮ ಚೀಲ ಬಂದರೆ, "ಎಡಚನ ಚೀಲ ಬಂತು, ಕಳಕವ್ವನ್ನ ಕರೀರಿ ಬಿಚ್ಚಾಕ" ಎಂದು ನಗೆಯಾಡುತ್ತಿದ್ದರಲ್ಲ, ನಾನು ಬುತ್ತಿ ತಂದಾಗ. ಚೀಲದೊಳಗೆ ಕೈ ಹಾಕಿದೆ. ಚೀಲದಲ್ಲಿ ಅಮ್ಮನವರಿಗೆ ಬಂದ ಕೆಂಪು ರೇಷ್ಮೆ ಸೀರೆ, ಪ್ರಸಾದದ್ದು, ಮದುವಣಗಿತ್ತಿಗೆ ಆಗುವಂಥದ್ದು. ಮೇಲೆ ಬಳೆ. ಈ ಸಲ ಎರಡು ಅಳತೆಯವು.

ಹುಲಗಪ್ಪನನ್ನು ಕೇಳಿದೆ, ಇದನ್ನು ಯಾರಪ್ಪಾ ಹೊಲಿದು ಕೊಟ್ಟದ್ದು? "ಛತ್ರದಾಗ ಒಬ್ಬ ಮೌನದ ಸ್ವಾಮಿ ಅದಾರ್ರಿ. ಯುಗಾದ್ಯಾಗ ಗುಡಿ ಪಾಳಿ ಇಡೀ ದಿನದ್ದು, ಅದಕ್ಕ ಗಂಟು ಅವ್ರ ಕೈಯಾಗ ಕೊಡ್ತೀವಿ, ಅವ್ರು ನಸುಕಿನ್ಯಾಗ ಒಳಗ ಮುಟ್ಟಸ್ತಾರ. ಗಡ್ಡ ಇಷ್ಟುದ್ದ. ಮಾತಾಡೂದಿಲ್ಲ. ಪಾಪ, ಎಡಗೈ ಮನಷ್ಯಾ, ಬಡಸಾಕ ಬಿಡೂದಿಲ್ರಿ, ಪಂಕ್ತಿಗೆ ನೀರು ಹಾಕಾಕ ಅಷ್ಟ ಹಚ್ಯಾರ." ಹಿಂದಿನ ಮೂರು ವರ್ಷವೂ ಅವರೇನಾ ಎಂದೆ. "ಹೂಂನ್ರಿ. ಹೋದ ವರ್ಷ ಆ ಛತ್ರ ತುಂಬಿತ್ತು, ನಾವು ಬ್ಯಾರೆ ಕಡೆ ಇಳಿದಿದ್ವಿ. ಏನ್ ಮಾಡಲಿ ಗಂಟು ಅಂತ ಕುಂತಿದ್ದೆ. ಆ ಸ್ವಾಮಿ ನೀರಿನ ಕೊಡ ಹೊತ್ಕೊಂಡು ನಮ್ಮ ಮುಂದ ಹಾದು ಹೊಂಟಿದ್ರು, ಗಂಟು ನೋಡಿ ನಿಂತರು, ತಾವಾ ಕೈ ಒಡ್ಡಿದ್ರು."

ಹೋದ ವರ್ಷ ಎಂದರೆ ಅತ್ತೆಯವರ ಚೀಟಿಯ ವರ್ಷ.

ಇನ್ನು ನಾನು ಏನು ಬರೆಯಲಿ? ನಿಮ್ಮ ಕೈಯಲ್ಲಿ ನನ್ನ ಅಕ್ಷರ ಇತ್ತು. ತಾಯಿ ಬಾಗಿಲು ನೋಡುತ್ತಿದ್ದಾಳೆ ಎಂದು ಓದಿದಿರಿ, ಮಡಚಿದಿರಿ, ಪೇಟೆಗೆ ಹೋಗಿ ನನ್ನ ಅಳತೆಯ ಬಳೆ ಆರಿಸಿದಿರಿ. ಮೂರು ವರ್ಷ ನಾನು ಮೈ ಜುಮ್ಮೆನಿಸಿಕೊಂಡು ದೇವರ ಬಳೆ ಎಂದು ತೊಟ್ಟದ್ದು ನಿಮ್ಮ ಬಳೆ. ಅವತ್ತು ಎಲ್ಲವನ್ನೂ ಕಳಚಿ ಗೋಡೆಯ ದೇವರ ಮಾಡದಲ್ಲಿ ಇಟ್ಟೆ. ಮೂರು ದಿನ ದೀಪ ಹಚ್ಚಲಿಲ್ಲ, ಮದುವೆಯಾಗಿ ಬಂದ ಮೇಲೆ ಮೊದಲ ಸಲ. ನನ್ನ ನಂಬಿಕೆಯೆಲ್ಲ ಒಬ್ಬ ಹೇಡಿ ಗಂಡನ ಗಾಜಿನ ಬಳೆಯ ಮೇಲೆ ನಿಂತಿತ್ತೇ, ಆ ಕಡೆ ಯಾರೂ ಇರಲೇ ಇಲ್ಲವೇ ಎಂದು ಮಕ್ಕಳಿಗೆ ಸಾರು ಬಡಿಸುತ್ತಲೂ ಅದೇ ಯೋಚನೆ. ಶಾಂಭವಿಗೆ ಹೇಳಿದೆ. ಅವಳು, "ಅಪ್ಪ ಸತ್ತಾನಂತ ಅತ್ತು ಮುಗಿಸೀನಿ ಯವ್ವಾ. ಮತ್ತ ಅಳಾಕ ಹಚ್ಚಬ್ಯಾಡ" ಎಂದಳು. ಮರುದಿನ ನೋಡಿದರೆ ಆ ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದಬ್ಬಣ ಹೋದ ತೂತುಗಳ ಮೇಲೆ ಬೆರಳು ಆಡಿಸುತ್ತಿದ್ದಳು.

ನಾಲ್ಕನೆಯ ದಿನ, ಸೋಮವಾರಕ್ಕೂ ಕಾಯದೆ, ಮತ್ತೆ ದೀಪ ಹಚ್ಚಿದೆ. ಯಾಕೆ ಎಂದು ನಿಮಗೆ ತಿಳಿಯಬೇಕು. ಶ್ರೀಶೈಲದಲ್ಲಿ ಎಷ್ಟು ಛತ್ರ, ಯುಗಾದಿಗೆ ಎಷ್ಟು ಲಕ್ಷ ಜನ, ಎಷ್ಟು ಸಾವಿರ ಗಂಟು! ಅಷ್ಟರಲ್ಲಿ ನನ್ನ ಒಂದು ಗಂಟು, ನಿಮ್ಮ ಗುರುತೇ ಇಲ್ಲದ ಒಬ್ಬ ತರಕಾರಿಯವನ ಹೆಗಲ ಮೇಲೆ ಹೋಗಿ, ನಾಲ್ಕು ವರ್ಷವೂ ನಿಮ್ಮ ಕೈಗೇ ಮುಟ್ಟಿತು. ಛತ್ರ ಬದಲಾದ ವರ್ಷವೂ ತಪ್ಪಲಿಲ್ಲ. ನಾನು ಅಳಿಯನಿಗೆ ಏನು ಹೇಳಿದ್ದೆ? ನನ್ನ ಗಂಡನನ್ನು ಕಳಿಸು ಎಂದಿದ್ದೆ. ಕಳಿಸುವ ಮೊದಲು ಹೇಳಬೇಕಲ್ಲ, ಅವನು ಹೇಳಿದ. ನನ್ನ ಮಾತನ್ನು ಒಂದಕ್ಷರ ಬಿಡದೆ ನಿಮ್ಮ ಅಂಗೈಯಲ್ಲಿ ಇಟ್ಟ. ಇದಕ್ಕಿಂತ ಹೆಚ್ಚು ಅವನು ಏನು ಮಾಡಬೇಕಿತ್ತು, ಕುತ್ತಿಗೆ ಹಿಡಿದು ಬಸ್ಸಿಗೆ ಹತ್ತಿಸಬೇಕಿತ್ತೇ? ಅವನು ಅಳಿಯ, ಪೊಲೀಸನಲ್ಲ. ನಾನು ಇಷ್ಟು ದಿನ ತಪ್ಪು ಮನುಷ್ಯನ ಮೇಲೆ ಸಿಟ್ಟು ಮಾಡಿದೆ. ಅವನ ಮುಂದೆ ಕೈ ಮುಗಿದು ತಪ್ಪಾಯಿತು ಎಂದೆ. ಆ ಸಿಟ್ಟನ್ನು ಎತ್ತಿಕೊಂಡು ಬಂದು ಈಗ ಅದರ ಒಡೆಯನಿಗೆ ಬರೆಯುತ್ತಿದ್ದೇನೆ.

ಬಸುವಿನ ಬಗ್ಗೆ ಮಾತ್ರ ಅಳಿಯ ಇನ್ನೂ ಬಾಯಿ ಬಿಟ್ಟಿಲ್ಲ. ನಾನೂ ಕೇಳುವುದನ್ನು ಬಿಟ್ಟಿಲ್ಲ. ದಿನಾ ಸಾಯಂಕಾಲ ಬತ್ತಿ ಹೊಸೆಯುತ್ತಾ ಕೇಳುತ್ತೇನೆ. ಉತ್ತರ ಕೊಡದವನ ಮನೆಗೆ ಹೋಗಿ ಮೌನ ಹಿಡಿದು ಕೂರುವುದು ನಿಮ್ಮ ದಾರಿ. ನನಗೆ ಒಬ್ಬಳು ಮಗಳಿದ್ದಳು, ಹಾಸಿಗೆಯಲ್ಲಿ ಒಬ್ಬ ಅತ್ತೆ ಇದ್ದರು, ನನಗೆ ಮೌನ ಹಿಡಿಯಲು ಪುರುಸೊತ್ತು ಇರಲಿಲ್ಲ. ನೀವು ಆ ದಿನ ಹೊಸ್ತಿಲಲ್ಲಿ ಕೇಳುತ್ತೇನೆ ಎಂದು ಹೋದ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಅದರಲ್ಲಿ ಅರ್ಧ ನನ್ನದು. ಸಿಗದಿದ್ದರೆ, ಸಿಗಲಿಲ್ಲ ಎಂದು ಬಂದು ಹೇಳಲು ಆರು ವರ್ಷ ಬೇಕಾಗಿರಲಿಲ್ಲ. ಉತ್ತರ ಸಿಗದವರು ಇಬ್ಬರೂ ಒಂದೇ ಮನೆಯಲ್ಲಿ ಕೂತು ಉಣ್ಣಬಹುದಿತ್ತು.

ಒಂದು ಮಾತು ನನಗೆ ಬಗೆಹರಿದಿಲ್ಲ. ಮೂರು ವರ್ಷ ಗಂಟು ಕಟ್ಟಿದವರು ಈ ಸಲ ಯಾಕೆ ಹೊಲಿದಿರಿ? ಸೀರೆ ದೊಡ್ಡದು ಎಂದು ಕೈ ರೂಢಿಯಂತೆ ಹೊಲಿಯಿತೋ? ಇಲ್ಲ, ಆ ಜಾರುಗಂಟನ್ನು ಯಾರು ಎಳೆಯುತ್ತಾರೆ ಎಂದು ಗೊತ್ತಿದ್ದೇ ಹಾಕಿದಿರೋ? ಬಾಯಿಗೆ ಮೌನ ಹಾಕಿದ ಮನುಷ್ಯ ಕೈಯಿಂದ ಹೇಳಿಬಿಟ್ಟನೇ? ಬೇಕೆಂದೇ ಹಾಕಿದ್ದರೆ ಮಾತ್ರ ಕೆಳಗಿನದನ್ನು ಓದಿ. ಇಲ್ಲದಿದ್ದರೆ ಇಲ್ಲಿಗೇ ಮಡಚಿ, ನೀರು ಹಾಕಲು ಹೋಗಿ, ಪಂಕ್ತಿ ಕಾಯುತ್ತಿರಬಹುದು.

ಅಲ್ಲಿ ನಿಮ್ಮನ್ನು ಇಷ್ಟು ವರ್ಷ ಇಟ್ಟುಕೊಂಡು ಅನ್ನ ಹಾಕಿದ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ, ಮೌನ ಎಂದು ಬಿಡಬೇಡಿ, ಕೈ ಸನ್ನೆಯಲ್ಲಾದರೂ ತಿಳಿಸಿ. ಮಗಳು ಭ್ರಮರಾಂಬೆಗೆ ನನ್ನ ಆಶೀರ್ವಾದ. ಅಳಿಯನಿಗೆ ಶರಣು.

ನಿಮ್ಮ ತಾಯಿಯ ಸೊಸೆ,
ಕಳಕಮ್ಮ

ತಾ.ಕ.: ಲಾರಿ ಹೊರಟಿದೆಯಂತೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮದುವೆ ಮೇ ಐದು, ಸೋಮವಾರ, ನಮ್ಮ ಓಣಿಯ ಮಠದಲ್ಲಿ. ಸುರಿಗಿಯ ನೀರಿನ ಶಾಸ್ತ್ರಕ್ಕೆ ತಂದೆಯ ಜಾಗದಲ್ಲಿ ವಿರುಪಣ್ಣ ಕೂರುತ್ತಾನೆ. ಮುದುಕಿಗೆ ಎಡಗೈ ಕೊಟ್ಟವನು ಅವನು, ಆ ಜಾಗ ಅವನದು, ಅದನ್ನು ಕೇಳಬೇಡಿ. ಆದರೆ ಊಟಕ್ಕೆ ಬಡಿಸುವ ಕೈಗಳು ಕಡಿಮೆ ಇವೆ. ವಿರುಪಣ್ಣನ ಮದುವೆಯಲ್ಲಿ ಎಡಗೈಯಲ್ಲಿ ಹೋಳಿಗೆ ನೀಡಬೇಡ ಎಂದು ಹಿರಿಯರು ತಡೆದದ್ದಕ್ಕೆ ನೀವು ಉಣ್ಣದೆ ಹೊರಗೆ ಹೋಗಿ ಕೂತದ್ದು ನೆನಪಿದೆ. ಈ ಸಲ ಯಾರೂ ತಡೆಯುವುದಿಲ್ಲ, ಶಾಂಭವಿಯೇ ಹೇಳಿದ್ದಾಳೆ, ಎಡಗೈ ಆದರೂ ನಡೆಯುತ್ತದೆ ಎಂದು. ಈ ಪತ್ರ ತರುವ ಅಬ್ದುಲರೌಫಣ್ಣ ನಿಮ್ಮ ಛತ್ರಕ್ಕೆ ಮಿಲ್ಲಿನ ಅಕ್ಕಿ ಇಳಿಸಿ ಭಾನುವಾರ ಖಾಲಿ ಲಾರಿಯಲ್ಲಿ ತಿರುಗಿ ಬರುತ್ತಾನೆ. ಪಕ್ಕದ ಸೀಟಿನಲ್ಲಿ ಯಾರಾದರೂ ಇದ್ದರೆ ನಮ್ಮ ಓಣಿಯ ತಿರುವಿನಲ್ಲಿ ಒಂದು ಹಾರ್ನ್ ಹಾಕು, ಇಲ್ಲದಿದ್ದರೆ ಸುಮ್ಮನೆ ನೇರ ಮಿಲ್ಲಿಗೆ ಹೋಗು ಎಂದು ಹೇಳಿದ್ದೇನೆ.